ಹೊತ್ತು ಮುಳುಗುವುದರೊಳಗೆ

ಹತ್ತಿ ಜಿನ್ನಿಂಗ್ ಗಿರಣಿಯ ಭೋಂಗಾ, ಅಂದರೆ ಪಾಳಿ ಮುಗಿದ ಸೈರನ್, ಸಂಜೆ ಐದಕ್ಕೆ ಕೂಗಿತೆಂದರೆ ರಾಯಚೂರಿನ ನಮ್ಮ ಓಣಿಯವರು ದುರುಗಮ್ಮನ ಹಾದಿ ನೋಡುತ್ತಿದ್ದರು. ಕೂದಲಿಗೆ ಅಂಟಿದ ಅರಳೆಯ ಎಳೆಗಳ ಸಮೇತ ಅವಳು ಗಿರಣಿಯಿಂದ ಬರುತ್ತಿದ್ದಳು. ಆ ದಿನ ಯಾರೊಂದಿಗಾದರೂ ಜಗಳವಾಗಿದ್ದರೆ ಮನೆಗೆ ಹೋಗುತ್ತಿರಲಿಲ್ಲ. ನೇರ ಅವರ ಬಾಗಿಲಿಗೆ. ಚರ್ಚಿನಲ್ಲಿ ದೀಕ್ಷಾಸ್ನಾನವಾದ ವರ್ಷ ಅವಳು ಕಲಿತ ಮೊದಲ ಪಾಠ, ಸಿಟ್ಟು ಇಟ್ಟುಕೊಂಡು ಹೊತ್ತು ಮುಳುಗಿಸಬಾರದು ಎಂಬುದು. ಓದು ಬಾರದ ದುರುಗಮ್ಮ ಅದನ್ನು ಅಕ್ಷರಶಃ ಪಾಲಿಸಿದಳು.

"ಬಂದ್ಲು ನೋಡ್ರಿ, ಮಾಫಿ ವಸೂಲಿಗೆ," ಎಂದು ಎದುರುಮನೆಯ ಅನ್ವರಿ ಬೇಗಂ ನಗುತ್ತಿದ್ದಳು.

"ನಗಬ್ಯಾಡ ಬೇ. ಮುಂಜಾನಿ ನಳದ ಮುಂದ ನಿನ್ನ ಕೊಡ ಒದ್ದಿದ್ದೆ, ತಪ್ಪಾತು. ಮಾಫ್ ಮಾಡೀನಿ ಅನ್ನು, ಲಗೂನ."

"ಅನ್ನದಿದ್ರ?"

"ಅನ್ನದಿದ್ರ ಮತ್ತ ಒದೀತೀನಿ."

ಒಂದು ಸಲ ಮಾತ್ರ ಈ ಅವಸರಕ್ಕೆ ಯಾರೂ ನಗಲಿಲ್ಲ. ೧೯೭೯ರಲ್ಲಿ ದೇವದುರ್ಗದಲ್ಲಿ ದುರುಗಮ್ಮನ ತಾಯಿ ತೀರಿಕೊಂಡಳು. ತಾಯಿಯಾಗಲಿ ತಂಗಿ ಗೋಪಮ್ಮನಾಗಲಿ ಕ್ರೈಸ್ತರಾಗಿರಲಿಲ್ಲ. ಗೋಪಮ್ಮ ಹೆಣದ ಮುಂದೆ ಕಾಯಿ ಒಡೆಯಲು ಕೈ ಎತ್ತಿದಳು. ಇಂಥ ಪೂಜೆ ತಡೆಯುವುದು ದೇವರ ಕೆಲಸ, ಅದಕ್ಕೆ ತಡವೇಕೆಂದು ದುರುಗಮ್ಮ ಅದನ್ನು ಕಸಿದು ಅಂಗಳಕ್ಕೆ ಎಸೆದಳು. ಅಳುತ್ತಿದ್ದವರೆಲ್ಲ ತಿರುಗಿ ನೋಡಿದರು. ಕಾಯಿ ಉರುಳುವ ಸದ್ದೊಂದೇ ಕೇಳುತ್ತಿತ್ತು.

ಸಂಜೆ ಅವಳೇ ತಂಗಿಯ ಕೈ ಹಿಡಿದಳು. "ಮಾಫ್ ಮಾಡ ಗೋಪಿ, ಹೊತ್ತು ಮುಣುಗಾಕತ್ತದ."

"ನಿನ್ನ ಹೊತ್ತು ಮುಣುಗ್ತದಂತ ನಾ ಮಾಫ್ ಮಾಡ್ಬೇಕೇನು? ಅವ್ವನ್ನ ಮಣ್ಣು ಮಾಡಿದ ಕೈ ಇನ್ನಾ ಒಣಗಿಲ್ಲ. ಹೋಗಕ್ಕ."

ರಾಯಚೂರಿಗೆ ಮರಳಿದಾಗ ಚರ್ಚಿನ ಪಾದ್ರಿ ಅಯ್ಯನವರು, "ಈಗ ಓಡಬ್ಯಾಡಮ್ಮ. ಪ್ರಾರ್ಥನಿ ಮಾಡು, ತಡಿ. ದಾರಿ ತಾನ ತೆರೀತದ," ಎಂದರು.

ದುರುಗಮ್ಮ ಕಾದಳು. ದಿನವೂ ಭೋಂಗಾ ಕೂಗಿತು, ಹೊತ್ತು ಮುಳುಗಿತು, ಒಳಗಿನದು ಹಾಗೇ ಉಳಿಯಿತು. ಒಮ್ಮೆ ಮಾನ್ವಿಯ ಬಸ್‌ಸ್ಟ್ಯಾಂಡಿನಲ್ಲಿ ಗೋಪಮ್ಮನೇ ಕಂಡಳು, ಹತ್ತು ಮಾರು ದೂರದಲ್ಲಿ. ದಾರಿ ತೆರೆದದ್ದೆಂದರೆ ಇದೋ, ಇಲ್ಲಾ ಇದೂ ತನ್ನ ಹಳೇ ಅವಸರವೋ? ಪೇರಲದ ಬಂಡಿಯ ಹಿಂದೆ ನಿಂತು ಕಣ್ಣು ಮುಚ್ಚಿ ದೇವರನ್ನು ಕೇಳಿಕೊಂಡಳು. ಕಣ್ಣು ತೆರೆದಾಗ ತಂಗಿ ಹತ್ತಿದ ಬಸ್ಸು ಹೋಗಿಯಾಗಿತ್ತು.

"ಓಡಿದ್ರ ತಪ್ಪು, ನಿಂತ್ರ ತಪ್ಪು. ಯಾವಾಗ ಯಾವ್ದು ಅಂತ ಒಬ್ಬರೂ ಹೇಳೂದಿಲ್ಲಲ್ಲ!" ಎಂದು ಆ ವಾರವೆಲ್ಲ ಪಾತ್ರೆಗಳನ್ನು ಕುಕ್ಕಿದಳು. ಪಾತ್ರೆಗಳ ಹತ್ತಿರ ಮಾಫಿ ಕೇಳುವುದಾದರೂ ಹೇಗೆ?

೧೯೮೨ರ ಒಂದು ಶನಿವಾರ ಭೋಂಗಾ ಕೂಗಿದಾಗ ಗಿರಣಿಯ ಗೇಟಿನಲ್ಲಿ ಸೋದರಮಾವ ಪಕೀರಪ್ಪ ನಿಂತಿದ್ದ. ದೇವದುರ್ಗದಿಂದ ಬಂದಿದ್ದ.

"ನಾಳಿ ಮುಂಜಾನಿ ನಿಮ್ಮವ್ವಗ ಎಡಿ ಇಡ್ತಾರ. ಅಕ್ಕ ಬಂದ್ರ ಬರ್ಲಿ ಅಂದಾಳ ಗೋಪಿ. ಕಾಯಿ ಅಕ್ಕನೇ ತರ್ಬೇಕಂತ."

ದೇವದುರ್ಗಕ್ಕೆ ಆರು ಗಂಟೆಗೆ ಕೊನೆಯ ಬಸ್ಸು. ದುರುಗಮ್ಮ ಮಾವನನ್ನು ಬಸ್‌ಸ್ಟ್ಯಾಂಡಿಗೆ ಕಳಿಸಿ, ಚೀಲವೊಂದನ್ನು ಹಿಡಿದು ಅಯ್ಯನವರ ಮನೆಗೆ ಬಂದು ಏದುಸಿರಿನಲ್ಲೇ ಎಲ್ಲ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿದರು.

"ಸತ್ತವರಿಗೆ ಎಡಿ ಇಡೂದು ನಮ್ಮಲ್ಲಿ ಇಲ್ಲಮ್ಮ. ನಾಳಿ ಆರಾಧನಿ ಮುಗೀಲಿ, ಸಭೆ ಹಿರಿಯರನ್ನ ಕೇಳೋಣ. ಆತುರ ಬ್ಯಾಡ."

"ನಾಳಿ ಅಂದ್ರ ಎಡಿ ಮುಗದಿರ್ತದ್ರಿ."

"ಮುಂದಿನ ವರ್ಷ ಅದಲ್ಲ?"

ದುರುಗಮ್ಮನ ಕಿವಿ ಕೆಂಪಾದವು. ಸಿಟ್ಟು ಬಂದಾಗ ಅವಳಿಗೆ ಹಾಗಾಗುತ್ತಿತ್ತು. ಆದರೆ ದನಿ ಏರಲಿಲ್ಲ.

"ಅವತ್ತು ಕಾಯಿ ಕಸಗೊಂಡಾಗ ಯಾರನ್ನೂ ಕೇಳಲಿಲ್ರಿ. ಮಾನ್ವ್ಯಾಗ ನಿಮ್ಮ ಮಾತು ನೆನಿಸಿ ನಿಂತೆ. ಎರಡೂ ಸಲ ಕೆಟ್ಟೆ."

"ಚೀಲದಾಗ ಏನದ?"

"ಕಾಯಿ ರೀ. ಬರೂ ಹಾದ್ಯಾಗ ತಗೊಂಡೆ."

"ಮತ್ತ ನನ್ನ ಯಾಕ ಕೇಳಾಕ ಬಂದಿ?"

ಅವಳು ಹೊರಗೆ ನೋಡಿದಳು. ಕಾಂಪೌಂಡ್ ಗೋಡೆಯ ಮೇಲಿನ ಬಿಸಿಲು ಒಂದು ಗೇಣು ಉಳಿದಿತ್ತು. ಅವಳು ಚಪ್ಪಲಿ ಮೆಟ್ಟಿದಳು.

"ಪೂಜಿ ನಾ ಮಾಡೂದಿಲ್ರಿ. ಆಕಿ ಕೈಯಿಂದ ಕಸಗೊಂಡದ್ದು ಆಕಿ ಕೈಗ ಇಡ್ತೀನಿ, ಅಷ್ಟ. ನೀವು ಹಿರಿಯರನ್ನ ಕೇಳ್ರಿ. ಅವರು ತಪ್ಪು ಅಂದ್ರ ಸೋಮವಾರ ಬರ್ತೀನಿ, ಹೊತ್ತು ಮುಣುಗೂದ್ರಾಗ ನಿಮ್ಮ ಮುಂದ ನಿಂತು..." ಎನ್ನುತ್ತಲೇ ಅವಳು ಗೇಟು ದಾಟಿ ಬಸ್‌ಸ್ಟ್ಯಾಂಡಿನ ಕಡೆಗೆ ಓಡಿದಳು.