ರಂಗಪ್ಪನವರ ಬೆನ್ನು, ನನ್ನ ಬಾಯಿ

ಬದುಕಿರುವ ಮನುಷ್ಯನ ಬೆನ್ನಿನಲ್ಲಿ ನಿಂಬೆಹಣ್ಣು ಕೂರುವಷ್ಟು ಗುಂಡಿ ಇರಬಹುದು ಎಂದು ನನಗೆ ಗೊತ್ತಾದದ್ದು ಭದ್ರಾವತಿಗೆ ಬಂದ ಮೊದಲ ಭಾನುವಾರ. ಆ ಗುಂಡಿ ಇನ್ನಷ್ಟು ದೊಡ್ಡದಾಗಲು ನನ್ನ ಬಾಯಿಯೇ ಕಾರಣವಾಗುತ್ತದೆ ಎಂದು ಗೊತ್ತಾದದ್ದು ಕೆಲವು ತಿಂಗಳ ಮೇಲೆ. ಬೀದರಿನ ಗೆಳೆಯರೇ, ಮದುವೆ ಮನೆಗಳಲ್ಲಿ "ಜೈಪಾಲ, ಪಾಸ್ಟರ್ ದನಿ ತೆಗಿ, ತಹಶೀಲ್ದಾರನ ದನಿ ತೆಗಿ" ಎಂದು ಚಪ್ಪಾಳೆ ಹೊಡೆದು ನೀವು ಬೆಳೆಸಿದ ಅದೇ ಬಾಯಿ. ಚಪ್ಪಾಳೆಯಲ್ಲಿ ನಿಮ್ಮ ಪಾಲಿದೆ. ಮೂರ್ಖತನ ಮಾತ್ರ ಪೂರ್ತಿ ನನ್ನದು. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಕೆಲಸ ಸಿಕ್ಕಿದ್ದು ಶಿವಮೊಗ್ಗದ ಬೈಕ್ ಷೋರೂಮಿನಲ್ಲಿ. ಮನೆ ಸಿಗಲಿಲ್ಲ. ವಿದ್ಯಾನಗರದಲ್ಲಿ ಒಂದು ಮಹಡಿ ಕೋಣೆ ನೋಡಿದೆ. ಯಜಮಾನರು ನನ್ನ 'ಹೌದ್ರಿ, ಅಲ್ರಿ' ಕೇಳಿ, "ನಿಮ್ ಕಡೆ ಮಾತು ಕೇಳೋಕೇ ಚಂದ ಮಾರಾಯ್ರೆ" ಎಂದು ಕಾಫಿ ಕೊಡಿಸಿದರು. ಕಾಫಿ ಅರ್ಧಕ್ಕೆ ಬಂದಾಗ, "ಜೈಪಾಲ ಅಂದ್ರೆ ಜೈನ್ರಾ?" ಎಂದರು. "ಅಲ್ರಿ, ಕ್ರಿಶ್ಚಿಯನ್." ಲೋಟ ಕೆಳಗಿಡುವಷ್ಟರಲ್ಲಿ ಆ ಕೋಣೆಗೆ ಅವರ ತಂಗಿಯ ಮಗ ಬರುವುದು ನಿಶ್ಚಯವಾಗಿತ್ತು. 'ಮನೆ ಬಾಡಿಗೆಗಿದೆ' ಎಂಬ ಬೋರ್ಡು ಮಾತ್ರ ತಿಂಗಳುಗಟ್ಟಲೆ ಗೇಟಿನಲ್ಲೇ ನೇತಾಡಿತು. ತಂಗಿಗೆ ಇನ್ನೂ ಹೆರಿಗೆ ಆಗಿರಲಿಲ್ಲವೇನೋ.

ಕೊನೆಗೆ ಕೋಣೆ ಕೊಟ್ಟವರು ಭದ್ರಾವತಿಯ ಎಸ್ತರಮ್ಮ. ಆಸ್ಪತ್ರೆಯಲ್ಲಿ ಆಯಾ ಆಗಿದ್ದು ನಿವೃತ್ತರಾದ ವಿಧವೆ. ಅವರ ಅಪ್ಪ ಇಲ್ಲಿನ ಕಬ್ಬಿಣದ ಕಾರ್ಖಾನೆ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದವರು. ಬೀದಿಯಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಒಂದೇ ನಲ್ಲಿಯ ಮುಂದೆ ಜಗಳವಾಡುತ್ತವೆ. ಅರ್ಧ ಕ್ವಾರ್ಟರ್ಸುಗಳಿಗೆ ಬೀಗ ಬಿದ್ದು, ಸೂರಿನ ಮೇಲೆ ಅರಳಿ ಗಿಡ ಎದ್ದಿದೆ. ನಮ್ಮಲ್ಲಿ ಜನ ಕೆಲಸ ಹುಡುಕಿಕೊಂಡು ಊರು ಬಿಡುತ್ತಾರೆ. ಇಲ್ಲಿ ಕೆಲಸವೇ ಊರು ಬಿಟ್ಟು ಹೋಗಿ, ಜನ ಉಳಿದಿದ್ದಾರೆ.

ಎಸ್ತರಮ್ಮ ನನ್ನನ್ನು ಕರೆಯುವುದು 'ತಂಬಿ' ಎಂದು, ತಮಿಳಿನಲ್ಲಿ ತಮ್ಮ. ಅವರ ಅಡುಗೆಮನೆಯಲ್ಲಿ ಸದಾ 'ಕರುವಾಡು', ಅಂದರೆ ಒಣಮೀನು. ರೊಟ್ಟಿ ತಿಂದು ಬೆಳೆದ ನನ್ನ ಹೊಟ್ಟೆ, ಮೂರು ಹೊತ್ತಿನ ಅನ್ನವನ್ನು ಊಟವೆಂದು ಒಪ್ಪಲು ಬಹಳ ದಿನ ಹಟ ಮಾಡಿತು. ಒಂದು ದಿನ ನಾನೇ ಜೋಳದ ರೊಟ್ಟಿ ಬಡಿದು ಕೊಟ್ಟೆ. ಎಸ್ತರಮ್ಮ ಅದನ್ನು ಬೆಳಕಿಗೆ ಹಿಡಿದು, "ತಿನ್ನೋದಾ ತಂಬಿ, ಸೂರಿಗೆ ಹೊದಿಸೋದಾ?" ಎಂದರು. ಎರಡು ತಿಂದರು.

ಮೊದಲ ಭಾನುವಾರ ಚರ್ಚಿನಿಂದ ಬಂದವನ ಕೈಗೆ ಬಕೆಟ್ಟು ಕೊಟ್ಟರು. "ಹಾಡಿದ್ದು ಸಾಕು, ಬಾ." ಎರಡು ಬೀದಿಯಾಚೆ ರಂಗಪ್ಪನವರ ಮನೆ. ಕಾರ್ಖಾನೆಯಲ್ಲಿ ದುಡಿದು ಬಂದವರು, ಲಕ್ವ ಹೊಡೆದು ಮಲಗಿದ್ದರು. ಮಕ್ಕಳಿಲ್ಲ. ಹೆಂಡತಿ ಸರೋಜಮ್ಮನಿಗೆ ಅವರನ್ನು ಹೊರಳಿಸುವಷ್ಟು ಶಕ್ತಿಯಿಲ್ಲ. ಮಲಗಿದಲ್ಲೇ ಬೆನ್ನು ಕೊಳೆತು ಹುಣ್ಣಾಗಿತ್ತು. ಎಸ್ತರಮ್ಮ ದಿನಾ ಬೆಳಿಗ್ಗೆ ಹೋಗಿ, ಹುಣ್ಣು ತೊಳೆದು, ಬಟ್ಟೆ ಕಟ್ಟಿ, ಮೈ ಒರೆಸಿ ಬರುತ್ತಿದ್ದರು.

ನಮ್ಮೂರಲ್ಲಿ ವಿಶ್ವಾಸವೆಂದರೆ ಗಂಟಲಿನ ಕೆಲಸ. ಹಾರ್ಮೋನಿಯಂ, ಢೋಲಕ್, ದೇವರ ಉಪಕಾರಕ್ಕೆ ಸಾಕ್ಷಿ ಹೇಳುವವರ ಸಾಲು. ನನ್ನಪ್ಪ ಮೈಕು ಹಿಡಿದರೆ ಕರೆಂಟು ಹೋಗುವವರೆಗೆ ಬಿಡುತ್ತಿರಲಿಲ್ಲ. ಇಲ್ಲಿ ಅದು ಮೂಗಿನ ಕೆಲಸವಾಗಿತ್ತು. ಮೊದಲ ದಿನ ನಾನು ಹಿತ್ತಲಿಗೆ ಓಡಿ ವಾಂತಿ ಮಾಡಿದೆ. ಎಸ್ತರಮ್ಮ ಆ ಮನೆಯಲ್ಲಿ ಒಂದು ಸಲವೂ ಬಾಯಿಬಿಟ್ಟು ಪ್ರಾರ್ಥಿಸಿದ್ದನ್ನು ನಾನು ಕೇಳಿಲ್ಲ. ಬಯ್ಯುತ್ತಿದ್ದರು, ಅಷ್ಟೆ. "ಏನ್ ರಂಗಣ್ಣಾ, ಮತ್ತೆ ಅದೇ ಮಗ್ಗುಲಾ? ಈ ಕಡೆ ಗೋಡೆ ಏನ್ ಪಾಪ ಮಾಡಿತ್ತು, ಅದನ್ನೂ ಸ್ವಲ್ಪ ನೋಡಿ." ನೋವು ಮರೆಸಲು ನಾನು ಕಾರ್ಖಾನೆಯ ಸೈರನ್ನಿನ ಹಾಗೆ ಕೂಗುತ್ತಿದ್ದೆ. ರಂಗಪ್ಪನವರು ಬಾಯಿಯ ಆಡುವ ಅರ್ಧದಲ್ಲಿ ನಕ್ಕು, "ಲೇಟು... ಹಾಜರಿ ಹೋಯ್ತು" ಎನ್ನುತ್ತಿದ್ದರು.

ಆ ಮನೆಯಲ್ಲಿ ಹೀಗೆ ನಗು ಇತ್ತು, ಹೊರಗೆ ನನಗೆ ಯಾರೂ ಇರಲಿಲ್ಲ. ಷೋರೂಮಿನ ಹುಡುಗರು ನಾನು ಹೋದಲ್ಲೆಲ್ಲ "ಬರ್ರಿ, ಕೂಡ್ರಿ, ಚಾ ಕುಡೀರಿ" ಎಂದು ನನ್ನದೇ ದನಿ ತೆಗೆಯುತ್ತಿದ್ದರು. ಮಿಮಿಕ್ರಿ ಮಾಡುವವನಿಗೆ ಅದು ಎಷ್ಟು ಚುಚ್ಚುತ್ತದೆ ಎಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಗೆಳೆಯರನ್ನು ಸಂಪಾದಿಸಲು ನನ್ನ ಹತ್ತಿರ ಇದ್ದದ್ದು ಒಂದೇ ಸರಕು. ಭದ್ರಾವತಿ ಬಸ್ ಸ್ಟ್ಯಾಂಡಿನ ಪಕ್ಕದ ಟೀ ಅಂಗಡಿಯಲ್ಲಿ ಒಂದು ಸಂಜೆ ಅದನ್ನು ಬಿಚ್ಚಿದೆ. ಅಲ್ಲಿ ಕೂತಿದ್ದ ಹುಡುಗರಲ್ಲಿ ಒಬ್ಬನನ್ನು ಬೆಂಚಿನ ಮೇಲೆ ಮಲಗಿಸಿ, ಎಸ್ತರಮ್ಮನ ದನಿಗೆ ನಮ್ಮೂರ ಪಾಸ್ಟರರ ಗುಡುಗು ಬೆರೆಸಿ, "ರಂಗಣ್ಣಾ! ಆ ದೇವರನ್ನೆಲ್ಲ ಬಿಡು! ಎದ್ದು ನಡೀ! ಹಲ್ಲೆಲೂಯಾ!" ಎಂದು ಕೂಗಿದೆ. ಬೆಂಚಿನ ಮೇಲಿದ್ದವನು ಎದ್ದು ಕುಣಿದ. ಅಂಗಡಿಯವನು ಟೀ ಚೆಲ್ಲಿಕೊಂಡು ನಕ್ಕ. ಈ ಊರಿಗೆ ಬಂದ ಮೇಲೆ ಮೊದಲ ಬಾರಿ ನನ್ನ ಹೆಗಲ ಮೇಲೆ ಯಾರೋ ಕೈ ಹಾಕಿದರು.

ಯಾರೋ ಫೋನಿನಲ್ಲಿ ರೆಕಾರ್ಡು ಮಾಡಿಕೊಂಡಿದ್ದರು. ಚಿತ್ರವಿಲ್ಲ, ಬರೀ ದನಿ. ಅದು ವಾಟ್ಸಾಪಿನಲ್ಲಿ ಬೀದಿಯಿಂದ ಬೀದಿಗೆ ಹೋಗಿ ಶಿವಮೊಗ್ಗ ಮುಟ್ಟಿತು. ನನ್ನ ಕಲೆಗೆ ಇಂಥ ಮನ್ನಣೆ ಹಿಂದೆಂದೂ ಸಿಕ್ಕಿರಲಿಲ್ಲ. ಕೇಳಿದವರೆಲ್ಲ ಅದನ್ನು ಎಸ್ತರಮ್ಮನ ದನಿಯೆಂದೇ ನಂಬಿದರು.

ರಂಗಪ್ಪನವರ ತಮ್ಮನ ಮಗ ಮಹೇಶ ವಿದ್ಯಾನಗರದಲ್ಲಿದ್ದ, ಸರ್ಕಾರಿ ನೌಕರ. ದೊಡ್ಡಪ್ಪನ ಔಷಧಿ, ದಿನಸಿ ಎಲ್ಲ ಅವನದೇ. ಒಂದು ಬೆಳಿಗ್ಗೆ ನಾವು ಹೋಗುವಾಗ ಅವನು ಗೇಟಿನಲ್ಲಿ ನಿಂತಿದ್ದ. ಫೋನು ಮುಂದೆ ಹಿಡಿದು ಆ ರೆಕಾರ್ಡು ಹಾಕಿದ.

"ಇದೇನಮ್ಮಾ ಇದು? ಹಾಸಿಗೆ ಹಿಡಿದೋನ ಹತ್ರ ಬಂದು ಜಾತಿ ಕೆಡಿಸೋ ಕೆಲ್ಸಾನಾ?"

"ಅದು ನಾನಲ್ಲಪ್ಪಾ."

"ದನಿ ನಿಮ್ದೇ ಅಲ್ವಾ? ನಂಗೇನು ಕಿವಿ ಇಲ್ವಾ?"

"ದನಿ ನಂದೇ ಥರ ಇದೆ. ನಾನಲ್ಲ."

ನಾನು ಅವರ ಹಿಂದೆಯೇ ಬಕೆಟ್ಟು ಹಿಡಿದು ನಿಂತಿದ್ದೆ. ಮಹೇಶನ ಜೊತೆ ಇನ್ನೂ ಇಬ್ಬರಿದ್ದರು. ಊರಿಗೆ ಊರೇ ಕೇಳುವಂತೆ ಕೂಗಬಲ್ಲ ನನ್ನ ಬಾಯಿಯಿಂದ ಒಂದು ಮಾತು ಹೊರಡಲಿಲ್ಲ. ಎಸ್ತರಮ್ಮ ನನ್ನ ಕಡೆ ತಿರುಗಲೂ ಇಲ್ಲ. ಇನ್ನು ಈ ಗೇಟು ದಾಟಬೇಡಿ ಎಂದು ಮಹೇಶ ನಮ್ಮನ್ನು ಕಳಿಸಿದ. ಮನೆಗೆ ಬಂದ ಮೇಲೆ ಬಕೆಟ್ಟು ಮಗುಚಿಡುತ್ತ, "ನನ್ ಕೆಮ್ಮು ಸೇರಿಸೋದು ಮರ್ತಿದೀಯ ತಂಬಿ" ಎಂದರು.

ಮಾರನೆಯ ದಿನವೂ ಅವರು ಆ ಗೇಟಿಗೆ ಹೋದರು. "ಸರೋಜಾ, ಬರ್ಲಾ?" ಸರೋಜಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ಬೇಡ ಅಕ್ಕಾ, ಮಹೇಶ ಕೈಬಿಟ್ರೆ ನಮ್ಗೆ ಯಾರು ಗತಿ?" ಎಂದರು. ಎಸ್ತರಮ್ಮ ಮರಳಿದರು. ಅದರ ಮಾರನೆಯ ದಿನ ಮತ್ತೆ ಹೋದರು. ವಾರ ಕಳೆಯಿತು. ವಾಸನೆ ಗೇಟಿನವರೆಗೆ ಬರತೊಡಗಿತು. ಒಂದು ಸಲ ರಂಗಪ್ಪನವರನ್ನು ದೊಡ್ಡಾಸ್ಪತ್ರೆಗೆ ಒಯ್ದು ತಂದರು. ಹುಣ್ಣು ಮೂಳೆ ಮುಟ್ಟಿದೆ, ದಿನಾ ತೊಳೆಯಲೇಬೇಕು ಎಂದರಂತೆ. ತೊಳೆಯುವವರು ಯಾರು? ಷೋರೂಮಿನಿಂದ ಬರುವಾಗ ಕಿಟಕಿಯಿಂದ ರಂಗಪ್ಪನವರ ನರಳಿಕೆ ಕೇಳುತ್ತಿತ್ತು. ನನಗೆ ಎಂಥ ದನಿಯೂ ಬರುತ್ತದೆ. ಅದೊಂದನ್ನು ತೆಗೆಯಲು ಇವತ್ತಿಗೂ ಧೈರ್ಯವಿಲ್ಲ.

ಓಡಿಹೋಗೋಣ ಅನ್ನಿಸಿತು. ಬೀದರಿನ ಬಸ್ಸು ವಿಚಾರಿಸಿ, ಅವ್ವನಿಗೆ ಫೋನು ಮಾಡಿದೆ.

"ಅವ್ವಾ, ನಾನು ಊರಿಗೆ ಬರ್ತಿದೀನಿ."

"ಯಾರ್ರೀ ಮಾತಾಡ್ಲಾಕತ್ತೀರಿ? ನಮ್ಮ ಜೈಪಾಲನ ಕೈಯಾಗ ಫೋನ್ ಕೊಡ್ರಿ."

"ನಾನೇ ಅವ್ವಾ."

"ನೀನಾ? ಯಾರ ದನಿ ತೆಗ್ಯಾಕತ್ತಿ?"

ಯಾರದೂ ಅಲ್ಲ ಎಂದೆ. ಆದರೆ ನನಗೇ ಅದು ಖಾತ್ರಿಯಿರಲಿಲ್ಲ. ಇಲ್ಲಿ ಬಾಯಿ ತೆರೆದರೆ ಬೀದರಿನವನು, ಅಲ್ಲಿ ಫೋನಿನಲ್ಲಿ ಯಾರೋ ಪರವೂರಿನವನು. ಹೆತ್ತವಳ ಕಿವಿಗೇ ಸಿಗದ ದನಿ ಇಟ್ಟುಕೊಂಡು ಯಾವ ಊರಿಗೆ ಓಡುವುದು? ಅವ್ವನಿಗೆ ಬರುವುದಿಲ್ಲ ಎಂದು ಹೇಳಿ, ಶಿವಮೊಗ್ಗದ ಬಸ್ಸು ಹತ್ತಿದೆ.

ವಿದ್ಯಾನಗರದಲ್ಲಿ ಮಹೇಶನ ಮನೆ ಬಾಗಿಲಲ್ಲಿ ನಿಂತು, "ಅದು ನಾನು ಸಾರ್, ಟೀ ಅಂಗಡೀಲಿ ತಮಾಷೆಗೆ ಮಾಡಿದ್ದು" ಎಂದೆ. ಅವನು ನಂಬಲಿಲ್ಲ. "ಆಯಮ್ಮ ಕಳ್ಸಿದಾಳೆ ಅಲ್ವಾ? ನೀನೇ ಆದ್ರೆ, ಮಾಡು ನೋಡೋಣ." ಮಾಡಿದೆ. ಹಲ್ಲೆಲೂಯಾ ಸಮೇತ, ಈ ಸಲ ಕೆಮ್ಮನ್ನೂ ಸೇರಿಸಿ. ಅವನ ಹೆಂಡತಿ ಒಳಗಿನಿಂದ "ಯಾರ್ರೀ ಅದು ಹೆಂಗಸು?" ಎಂದು ಓಡಿಬಂದರು. ಮಹೇಶ ನಗಲಿಲ್ಲ. ಕೆನ್ನೆಗೆ ಒಂದು ಬಾರಿಸಿದ. ಜೀವನದಲ್ಲಿ ಒಂದೇ ಒಂದು ಪ್ರದರ್ಶನಕ್ಕೆ ನನಗೆ ಸರಿಯಾದ ಸಂಭಾವನೆ ಸಿಕ್ಕಿದ್ದರೆ ಅದು ಇದಕ್ಕೆ. ಆಮೇಲೆ ಅವನೇ ಮೆಟ್ಟಿಲ ಮೇಲೆ ಕುಸಿದು ಕೂತು, "ನಾಳೆ ಬೆಳಿಗ್ಗೆ ದೊಡ್ಡಪ್ಪನ ಮನೆಗೆ ಬರ್ತೀನಿ ಅಂತ ಆಯಮ್ಮಂಗೆ ಹೇಳು" ಎಂದ.

ರಂಗಪ್ಪನವರು ಈಗಿಲ್ಲ. ಹುಣ್ಣು ಮಾಯಲಿಲ್ಲ. ನಡುವೆ ಆ ದಿನಗಳಲ್ಲಿ ತೊಳೆಯುವುದು ತಪ್ಪದೇ ಇದ್ದಿದ್ದರೆ ಮಾಯುತ್ತಿತ್ತೇ ಎಂದು ಯಾವ ಡಾಕ್ಟರನ್ನೂ ನಾನು ಕೇಳಿಲ್ಲ. ಕೇಳುವುದೂ ಇಲ್ಲ. ಮಹೇಶ ಬಂದ ಆ ಬೆಳಿಗ್ಗೆ ನಡೆದದ್ದನ್ನು ಮಾತ್ರ ಹೇಳಿ ನಿಲ್ಲಿಸುತ್ತೇನೆ.

ಎಸ್ತರಮ್ಮ ಹಳೆಯ ಬಟ್ಟೆ ಬಿಚ್ಚಿದಾಗ ಮಹೇಶ ಕರವಸ್ತ್ರ ಮೂಗಿಗೊತ್ತಿ ಹೊಸ್ತಿಲ ಹೊರಗೆ ಹೋದ. ಅವನು ಆ ಬೆನ್ನನ್ನು ನೋಡಿದ್ದೇ ಅಂದು. ಸ್ವಲ್ಪ ಹೊತ್ತಿಗೆ ಒಳಗೆ ಬಂದ. ಕಣ್ಣು ಕೆಂಪಾಗಿತ್ತು. ದನಿ ಮಾತ್ರ ಇಳಿದಿರಲಿಲ್ಲ.

"ಇನ್ಮೇಲೆ ಬನ್ನಿ. ಆದ್ರೆ ಪ್ರಾರ್ಥನೆ ಗೀರ್ಥನೆ ಏನೂ ಬೇಡ."

"ಇಲ್ಲಪ್ಪಾ."

"ಮನಸ್ಸಲ್ಲೂ ಮಾಡ್ಬಾರ್ದು."

ಎಸ್ತರಮ್ಮ ಹತ್ತಿಯನ್ನು ಉಪ್ಪುನೀರಲ್ಲಿ ಅದ್ದಿದರು. ರಂಗಪ್ಪನವರು ನರಳಿದರು.

"ಮನಸ್ಸಲ್ಲಿ ಮಾಡ್ತಿಲ್ಲ ಅಂತ ನಂಗೆ ಹೆಂಗಮ್ಮಾ ಗೊತ್ತಾಗ್ಬೇಕು?"

ಎಸ್ತರಮ್ಮ ತಲೆ ಎತ್ತಲಿಲ್ಲ.

"ಅನುಮಾನ ಇದ್ರೆ ದಿನಾ ಬಂದು ಕಾವಲು ಕಾಯಪ್ಪಾ. ಬಂದೋನು ಸುಮ್ನೆ ನಿಲ್ಬೇಡ, ನಿಮ್ ದೊಡ್ಡಪ್ಪನ ಕಾಲು ಹಿಡ್ಕೋ, ಹೊರಳಿಸ್ಬೇಕು."