ಗಾಂಧಿ ಕ್ಲಾಸಿನ ಟಾರ್ಚ್

ನಂಬುವುದಾದರೆ ನಂಬಿ, ಬಿಟ್ಟರೆ ಬಿಡಿ. ನಾನು ಕುಡಿಯುವವನಲ್ಲ. ದೆವ್ವದ ಸಿನಿಮಾ ಹಾಕಿ ಹಾಕಿ ದೆವ್ವವೆಂದರೆ ನನಗೆ ಸದರವಾಗಿಬಿಟ್ಟಿತ್ತು. ಆದರೂ ಇದು ನಡೆದದ್ದು ನಿಜ.

ಚಿಂತಾಮಣಿಯ ಒಂದು ಹಳೇ ಟಾಕೀಸಿನಲ್ಲಿ ನಾನು ಆಪರೇಟರ್. ತೆಲುಗಿನ ದೊಡ್ಡ ಹೀರೋ ಸಿನಿಮಾ ಬಂದರೆ ನಮ್ಮಲ್ಲಿ ಗೇಟು ಮುರಿಯುತ್ತದೆ. ಹೊಸಬರ ಕನ್ನಡ ಸಿನಿಮಾ ಬಂದರೆ ನಾವು ನೊಣ ಹೊಡೆಯುತ್ತೇವೆ. ಯಾವುದೇ ಇರಲಿ, ಶುಕ್ರವಾರದ ಬಿಡುಗಡೆಗೆ ಮುಂಚೆ ಗುರುವಾರ ರಾತ್ರಿ ಖಾಲಿ ಹಾಲಿನಲ್ಲಿ ಟ್ರಯಲ್ ಹಾಕುತ್ತೇವೆ.

ಮೇಲೆ ನನ್ನ ಕ್ಯಾಬಿನ್ನಿಗೆ ದಪ್ಪ ಗಾಜು. ಹಾಲಿನೊಳಗೆ ಸೌಂಡ್ ಹೇಗಿದೆ ಎಂದು ಅಲ್ಲಿ ಗೊತ್ತಾಗದು. ಅದಕ್ಕೇ ಮುನಿರಾಜು ಚಿಕ್ಕಪ್ಪ ಪರದೆಯ ಮುಂದಿನ ಗಾಂಧಿ ಕ್ಲಾಸ್ ಬೆಂಚಿನಲ್ಲಿ ಕೂತು ಟಾರ್ಚ್ ಬಿಡುತ್ತಿದ್ದರು. ಒಂದು ಸಲ ಹೊಳೆದರೆ ಸೌಂಡ್ ಜಾಸ್ತಿ ಮಾಡು. ಎರಡು ಸಲ ಹೊಳೆದರೆ ಸರಿಯಾಗಿದೆ. ಅಪ್ಪ ಹೋದ ಮೇಲೆ ನನ್ನನ್ನು ಸಾಕಿ, ಈ ಕೆಲಸಕ್ಕೆ ಹಚ್ಚಿದವರೂ ಅವರೇ.

ಆ ಗುರುವಾರ ಅವರ ಮಂಡಿನೋವು ಜೋರಾಗಿತ್ತು.

"ಕೂತ್ಕೊಂಡೇ ಇರಿ ಚಿಕ್ಕಪ್ಪ. ಮೆಟ್ಲು ಗಿಟ್ಲು ಹತ್ತಬೇಡಿ."

"ನಿನ್ ಕೆಲ್ಸ ನೀನ್ ನೋಡ್ಕೋ ಹೋಗಪ್ಪ ಸೀನ," ಎಂದು ಗದರಿ ಹಾಲಿನೊಳಗೆ ಹೋದರು.

ಸಿನಿಮಾ ಶುರುವಾಯಿತು. ಕೆಳಗಿನ ಕತ್ತಲಲ್ಲಿ ಟಾರ್ಚ್ ಒಂದು ಸಲ ಹೊಳೆಯಿತು. ಸೌಂಡ್ ಏರಿಸಿದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ... ಒಂದೇ ಸಲ. ಮತ್ತೆ ಏರಿಸಿದೆ.

ಮುದುಕನಿಗೆ ಮಂಡಿಯ ಜತೆ ಕಿವಿಯೂ ಹೋಯಿತು ಎಂದು ನನ್ನಷ್ಟಕ್ಕೇ ನಕ್ಕೆ.

ಇನ್ನೊಮ್ಮೆ ಹೊಳೆಯಿತು. ಈಗ ಗಾಜು ಅದುರತೊಡಗಿತು. ಕಾಲಡಿಯ ನೆಲ ಗುಂಯ್ ಎನ್ನುತ್ತಿತ್ತು. ಬಾವಲಿ ಹಿಕ್ಕೆಯ ಹಳೇ ವಾಸನೆಯ ಜತೆ ಬೇರೇನೋ ವಾಸನೆ... ತುಕ್ಕು ಹಿಡಿದ ಕಬ್ಬಿಣದ್ದು. ನಾನು ಏರಿಸಿದಷ್ಟೂ ಆ ಬೆಳಕು ಇನ್ನೂ ಬೇಕೆನ್ನುತ್ತಲೇ ಇತ್ತು.

ಹಾಡು ಮುಗಿದು ನಾಯಕಿ ಕಿಟಕಿ ಬಳಿ ಸುಮ್ಮನೆ ನಿಂತಳು. ಮಾತಿಲ್ಲ, ಸಂಗೀತವಿಲ್ಲ. ಆಗ ನನ್ನ ಬಾಗಿಲ ಹೊರಗಿನಿಂದ ಸಣ್ಣ ದನಿ ಕೇಳಿಸಿತು.

"ಸೀನಾ... ನಿಲ್ಸೋ..."

ಸಿನಿಮಾ ನಿಲ್ಲಿಸಿ ಓಡಿದೆ. ಮೆಟ್ಟಿಲ ತಿರುವಿನಲ್ಲಿ ಚಿಕ್ಕಪ್ಪ ಬಿದ್ದಿದ್ದರು. ಒಂದು ಕಾಲು ತಿರುಚಿಕೊಂಡಿತ್ತು. ತಲೆಯ ರಕ್ತ ಸೋರಿ ಕೆಳಗಿನ ಮೆಟ್ಟಿಲಿಗೆ ಇಳಿದಿತ್ತು.

"ಸಿನಿಮಾ ಶುರುವಾಗ್ತಿದ್ದಂಗೇ ಟಾರ್ಚ್ ಸೆಲ್ ಹೋಯ್ತು ಕಣೋ. ಹೇಳಣ ಅಂತ ಮೇಲಕ್ ಬಂದೆ, ಜಾರ್ದೆ... ಎಷ್ಟ್ ಕೂಗ್ದೆ! ನಾನ್ ಕೂಗ್ದಂಗೆಲ್ಲ ನೀನ್ ಸೌಂಡ್ ಜಾಸ್ತಿ ಮಾಡ್ತಿದ್ದೆ..."

ಟಾರ್ಚ್ ಅವರ ಕೈಯಲ್ಲೇ ಇತ್ತು. ಒತ್ತಿ ನೋಡಿದೆ. ಹೊತ್ತಲಿಲ್ಲ.

ಫೋನ್ ತರಲು ಕ್ಯಾಬಿನ್ನಿಗೆ ಓಡಿದೆ. ಹಾಲಿನೊಳಗೆ ಪೂರ್ತಿ ಕತ್ತಲು. ನೋಡಬಾರದಿತ್ತು, ಗಾಜಿನಿಂದ ಕೆಳಗೆ ನೋಡಿದೆ. ಖಾಲಿ ಗಾಂಧಿ ಕ್ಲಾಸಿನಲ್ಲಿ ಬೆಳಕು ಹೊಳೆಯಿತು... ಒಂದೇ ಸಲ.

ಚಿಕ್ಕಪ್ಪ ಬದುಕಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಕೈಗೆ ಸಿಗುತ್ತಿರಲಿಲ್ಲ ಎಂದರು ಡಾಕ್ಟರು. ಈಗ ವಾಕರ್ ಹಿಡಿದು ಮನೆಯೊಳಗೇ ಓಡಾಡುತ್ತಾರೆ. ಗುರುವಾರ ಬಂದರೆ ಮೆಲ್ಲಗೆ ಕೇಳುತ್ತಾರೆ.

"ಇವತ್ತು ಯಾರೋ ಟಾರ್ಚ್ ಬಿಡೋರು?"

"ಯಾರೂ ಇಲ್ಲ ಚಿಕ್ಕಪ್ಪ."

ನಾನು ನೋಡುವ ಗಾಜಿಗೆ ರಟ್ಟು ಅಡ್ಡ ಇಟ್ಟು ಟ್ರಯಲ್ ಮುಗಿಸುತ್ತೇನೆಂದು ಅವರಿಗೆ ಹೇಳಿಲ್ಲ.

ನಮ್ಮ ಟಾಕೀಸಿನಲ್ಲಿ ಸೌಂಡ್ ಕಡಿಮೆ ಎಂಬುದು ಈಗ ಊರಿಗೆಲ್ಲ ಗೊತ್ತು. "ಸೌಂಡ್! ಸೌಂಡ್!" ಎಂದು ಜನ ಸೀಟು ಬಡಿಯುತ್ತಾರೆ. ಆಗ ಮುಂದಿನ ಬೆಂಚಿನಿಂದ ಬೆಳಕೊಂದು ಹೊಳೆಯುತ್ತದೆ... ಯಾರದೋ ಮೊಬೈಲ್ ಇರಬೇಕು. ಇರಬೇಕು ಅಂದುಕೊಂಡೇ, ಸೌಂಡ್ ಮುಟ್ಟುವ ಮೊದಲು ಬಾಗಿಲು ತೆಗೆದು ಮೆಟ್ಟಿಲು ನೋಡಿ ಬರುತ್ತೇನೆ.