ತಿಕ್ಕಿ ಹೊಳೆಯಿಸಿದ ಖಾಲಿ ಡಬ್ಬಿ

ಹಿರೇಕೆರೂರಿನ ಒಂದು ಹೈಸ್ಕೂಲಿನ ಕಂಪೌಂಡ್ ಗೋಡೆಗೆ ಆತುಕೊಂಡು, ಕಲ್ಲಿನ ಮೇಲೆ ತುದಿಗಾಲಲ್ಲಿ ನಿಂತು ಒಳಗೆ ಇಣುಕುತ್ತಿದ್ದೆ. ಮಧ್ಯಾಹ್ನ ಊಟದ ಬಿಡುವಿನ ಹೊತ್ತು. ನನಗೀಗ ನಲವತ್ತಾರು ವರ್ಷ.

ಹಿಂದೆ ಯಾರೋ ಕೆಮ್ಮಿದರು. ತಿರುಗಿದರೆ ಶಾಲೆಯ ಸಿಪಾಯಿ.

“ಏನ್ ನೋಡಾಕತ್ತೀರಿ ಸಾಹೇಬ್ರ?”

“ಮಗಳನ್ನ.”

“ಮಗಳನ್ನ ನೋಡಾಕ ಗೇಟ್ ಐತಲ್ರಿ. ಬರ್ರಿ ಒಳಗ.”

ಬೇಡ ಬೇಡ ಎಂದರೂ ಬಿಡಲಿಲ್ಲ. ಮಗಳ ಹೆಸರು ಕೇಳಿಕೊಂಡು, ಮೈದಾನದ ನಡುವೆ ತಂದು ನಿಲ್ಲಿಸಿ, “ಎಂಟನೇ ಕ್ಲಾಸಿನ ಸಿಂಚನಾ ಯಾರವಾ? ನಿಮ್ಮ ಅಪ್ಪಾರು ಗ್ವಾಡಿ ಮ್ಯಾಲಿಂದ ನೋಡಾಕತ್ತಿದ್ರು” ಎಂದು ಇಡೀ ಶಾಲೆಗೆ ಕೇಳುವಂತೆ ಹೇಳಿದ. ಪಾಪ, ಅವನದು ಒಳ್ಳೆಯ ಮನಸ್ಸು. ಬೇವಿನ ಮರದ ಕೆಳಗೆ ಗುಂಡಾಗಿ ಕುಳಿತು ಉಣ್ಣುತ್ತಿದ್ದ ಹುಡುಗಿಯರೆಲ್ಲ ಒಮ್ಮೆಲೇ ತಿರುಗಿದರು. ನನ್ನ ಮಗಳು ಆ ಗುಂಪಿನಲ್ಲಿರಲಿಲ್ಲ. ಪಡಸಾಲೆಯ ಮೆಟ್ಟಿಲ ಮೇಲೆ, ತೊಡೆಯ ಮೇಲೆ ಊಟದ ಡಬ್ಬಿ ಇಟ್ಟುಕೊಂಡು ಒಬ್ಬಳೇ ಕುಳಿತಿದ್ದಳು. ನಾನು ಗೋಡೆ ಹತ್ತಿದ್ದು ಇದನ್ನೇ ನೋಡಲಿಕ್ಕೆ. ನೋಡಿದ ಮೇಲೆ ಯಾಕಾದರೂ ಹತ್ತಿದೆನೋ ಅನ್ನಿಸಿತು.

(ಬೇಸಿಗೆ ರಜೆಯಲ್ಲಿ ಇದೇ ಅಂಕಣದಲ್ಲಿ ‘ಮಕ್ಕಳ ಗೆಳೆತನದಲ್ಲಿ ಪಾಲಕರು ಮೂಗು ತೂರಿಸಬಾರದು’ ಎಂದು ಉದ್ದುದ್ದ ಉಪದೇಶ ಮಾಡಿದವನು ನಾನೇ. ನಿಮ್ಮಲ್ಲಿ ಅನೇಕರು ಅದನ್ನು ಮೆಚ್ಚಿ ವಾಟ್ಸಾಪಿನಲ್ಲಿ ಹಂಚಿದ್ದಿರಿ. ನನ್ನ ಹೆಂಡತಿ ಈಗ ಅದನ್ನು ವಾರಕ್ಕೊಮ್ಮೆ ನನಗೇ ಫಾರ್ವರ್ಡ್ ಮಾಡುತ್ತಾಳೆ.)

ಹೆಂಡತಿಗೆ ವರ್ಗವಾದ್ದರಿಂದ ಈ ವರ್ಷ ಹಾನಗಲ್ಲಿನಿಂದ ಇಲ್ಲಿಗೆ ಬಂದೆವು. ಅವಳು ಬೆಳಗ್ಗೆ ಬ್ಯಾಂಕಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಮನೆಯಲ್ಲಿ ಬರೆಯುವವನು ನಾನು, ಹಾಗಾಗಿ ಅಡುಗೆಮನೆಯೂ ನನ್ನದೇ. ಸಿಂಚನಾಳ ಗೆಳತಿಯರೆಲ್ಲ ಹಾನಗಲ್ಲಿನಲ್ಲೇ ಉಳಿದರು. ಹೊಸ ಊರು, ಹೊಸ ಶಾಲೆ, ಎಂಟನೇ ಕ್ಲಾಸು. ಮೊದಮೊದಲು ದಿನಾ ಸಂಜೆ ಕೇಳುತ್ತಿದ್ದೆ, “ಯಾರರೆ ಗೆಳತಿ ಆದ್ರೇನವಾ?” ಉತ್ತರ, “ಹೂಂ, ನೋಡೂಣು.” ಹದಿಮೂರರ ಮಕ್ಕಳು ಸರ್ಕಾರಿ ಕಚೇರಿಯವರಂತೆ ಮಾತಾಡುವುದನ್ನು ಎಲ್ಲಿ ಕಲಿಯುತ್ತಾರೋ.

ಒಂದು ದಿನ ‘ಭಾಗ್ಯಾ’ ಎಂಬ ಹೆಸರು ಬಂತು. ಹಂಸಭಾವಿಯಿಂದ ಬಸ್ಸಿಗೆ ಬರುವ ಹುಡುಗಿ. ಆಮೇಲೆ ಮನೆ ತುಂಬ ಭಾಗ್ಯಾಳದೇ ಸುದ್ದಿ. ಭಾಗ್ಯಾ ಹಿಂಗ ನಗ್ತಾಳ, ಭಾಗ್ಯಾಗ ಗಣಿತ ಬರಂಗಿಲ್ಲ, ಭಾಗ್ಯಾನ ಅವ್ವ ಮಾಡೋ ಗುರೆಳ್ಳು ಚಟ್ನಿ ಹಂಗೈತಿ. ಆ ಚಟ್ನಿಯ ಹೊಗಳಿಕೆ ಹಂಸಭಾವಿಗೆ ಮುಟ್ಟಿತು. ಮರುದಿನವೇ ಒಂದು ಸ್ಟೀಲ್ ಡಬ್ಬಿಯ ತುಂಬ ಚಟ್ನಿ ನಮ್ಮ ಮನೆಗೆ ಬಂತು. ಸ್ವಲ್ಪ ದಿನಕ್ಕೆ ಇನ್ನೊಮ್ಮೆ ಅದೇ ಡಬ್ಬಿ, ಈ ಸಲ ಕೆಂಪು ಮೆಣಸಿನಕಾಯಿ ಚಟ್ನಿ. (ಎರಡರಲ್ಲೂ ಮುಕ್ಕಾಲು ಪಾಲು ತಿಂದವನು ನಾನು.)

ಅದಾದ ಮೇಲೆ ಭಾಗ್ಯಾಳ ಹೆಸರು ನಮ್ಮ ಮನೆಯಲ್ಲಿ ಕೇಳಲಿಲ್ಲ. ಯಾಕೆಂದು ಕೇಳಿದರೆ ಮಗಳು ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ. ನಾನು ಸುಮ್ಮನಿರುವವನೇ? ‘ನೀನಾಗಿ ಹೋಗಿ ಮಾತಾಡಿಸು’ ಎಂದೆ. ಹುಡುಗಿಯರನ್ನು ಸೆಳೆಯಲಿ ಎಂದು ಯೂಟ್ಯೂಬ್ ನೋಡಿ ಪಾಸ್ತಾ ಮಾಡಿ ಕಳಿಸಿದೆ. ಪಾಸ್ತಾ ಹೋದ ಹಾಗೇ ಮರಳಿ ಬಂತು. ಕೊನೆಗೆ ಗೋಡೆ ಹತ್ತಿದೆ.

ಅಂದು ಸಂಜೆ ಸಿಂಚನಾ ಮನೆಗೆ ಬಂದವಳು ಬ್ಯಾಗ್ ಕೂಡ ಇಳಿಸಲಿಲ್ಲ.

“ಅಪ್ಪ, ಇದೆಲ್ಲಾ ನಿನ್ನಿಂದನ ಆಗೇತಿ.”

“ಗ್ವಾಡಿ ಹತ್ತಿದ್ದು ತಪ್ಪಾತವಾ.”

“ಗ್ವಾಡಿ ಅಲ್ಲ. ಡಬ್ಬಿ.”

ನನಗೆ ತಿಳಿಯಲಿಲ್ಲ. ಡಬ್ಬಿಯ ವಿಷಯದಲ್ಲಿ ನನ್ನಷ್ಟು ಅಚ್ಚುಕಟ್ಟು ಯಾರಿದ್ದಾರೆ? ಪರರ ಮನೆಯ ಡಬ್ಬಿ ಇಟ್ಟುಕೊಳ್ಳಬಾರದು ಎಂದು, ಚಟ್ನಿ ಖಾಲಿಯಾದ ಕೂಡಲೇ ಎರಡೂ ಸಲ ಬಿಸಿನೀರಲ್ಲಿ ತೊಳೆದು, ಮುಖ ಕಾಣುವಂತೆ ತಿಕ್ಕಿ, ಒರೆಸಿ, ಮಗಳ ಕೈಯಲ್ಲಿ ಕೊಟ್ಟು ಕಳಿಸಿದ್ದೆ.

“ಖಾಲಿ ಕಳಿಸಿದಿ” ಎಂದಳು. “ಮೊದಲನೇ ಸಲ ಮರ್ತಿರಬೇಕು ಅಂದ್ರಂತ ಭಾಗ್ಯಾನ ಅವ್ವ. ಎರಡನೇ ಸಲಾನೂ ಖಾಲಿ ಹೋತು. ಅವರಿಗೆ ನಮ್ಮ ಬಳಕಿ ಬ್ಯಾಡ ಕಾಣ್ತದ, ಇನ್ನ ಅವರ ಸನೇಕ ಹೋಗಬ್ಯಾಡ ಅಂದಾರ. ಭಾಗ್ಯಾ ಎಲ್ಲಾರ ಮುಂದ ಹೇಳಿದ್ಲು.”

ನನಗೆ ಇದು ಗೊತ್ತಿರಲಿಲ್ಲ ಎನ್ನುವಂತಿಲ್ಲ. ನಾನು ಹುಟ್ಟಿ ಬೆಳೆದ ಆಡೂರಿನ ಮನೆಯಲ್ಲಿ ಅವ್ವ ಒಂದು ದಿನವೂ ಬೇರೆಯವರ ಡಬ್ಬಿ ಖಾಲಿ ಕಳಿಸಲಿಲ್ಲ. ಹೊಸ್ತಿಲ ತನಕ ಬಂದವಳು ಮತ್ತೆ ಒಳಗೆ ಓಡುತ್ತಿದ್ದಳು. ಒಂದು ನಿಂಬೆಹಣ್ಣು, ನಾಲ್ಕು ಹಸಿಮೆಣಸಿನಕಾಯಿ, ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆ. ಆ ಡಬ್ಬಿ ಹೊತ್ತು ಓಡುತ್ತಿದ್ದವನೂ ನಾನೇ, ದಾರಿಯಲ್ಲಿ ಸಕ್ಕರೆ ನೆಕ್ಕುತ್ತಿದ್ದವನೂ ನಾನೇ. ಪಾರ್ಸೆಲ್ ಊಟದ ಪ್ಲಾಸ್ಟಿಕ್ ಡಬ್ಬಿಗಳ ಕಾಲ ಬಂದು ಎಲ್ಲ ಮರೆತುಹೋಯಿತು. ಅವನ್ನು ಯಾರಿಗೆ ಮರಳಿಸಬೇಕು ಹೇಳಿ?

“ಆವತ್ತ ಹೇಳಬಾರದೇನವಾ ನನಗ?”

ಸಿಂಚನಾ ನೆಲ ನೋಡಿದಳು. “ನೀ ಅಷ್ಟು ಖುಷಿಲೆ ತಿಕ್ಕಿದ್ದಿ. ಕೆಟ್ಟನಸ್ತದ ಅಂತ ಬಿಟ್ಟೆ.”

ಇಷ್ಟು ದಿನ ಮೆಟ್ಟಿಲ ಮೇಲೆ ಒಬ್ಬಳೇ ಕುಳಿತು ಉಂಡವಳು, ನನಗೆ ಕೆಟ್ಟದೆನಿಸಬಾರದು ಎಂದು ಬಾಯಿ ಬಿಟ್ಟಿರಲಿಲ್ಲ. ನನಗೆ ನಿಜಕ್ಕೂ ಅಳು ಬಂತು. ನಾನು ಅವಳನ್ನು ಕಾಯಲು ಹೊರಟಿದ್ದೆನಲ್ಲ.

ಹೆಂಡತಿ ಮನೆಗೆ ಬಂದು ಕಥೆ ಕೇಳಿದಳು. “ಸಕ್ಕರಿ ಡಬ್ಬಿ ನಿಮ್ಮ ಕೈಯಳತ್ಯಾಗ ಇತ್ತಲ್ರಿ” ಎಂದಳು, ಅಷ್ಟೇ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಈಗ ಸರಿಪಡಿಸುವುದು ಹೇಗೆ? ತುಂಬಿಸಿ ಕಳಿಸೋಣವೆಂದರೆ ಅವರ ಡಬ್ಬಿ ನಮ್ಮಲ್ಲಿಲ್ಲ. ಅದನ್ನು ಫಳಫಳ ಹೊಳೆಯಿಸಿ ಮರಳಿಸಿಬಿಟ್ಟ ಪುಣ್ಯಾತ್ಮ ನಾನಲ್ಲವೇ? ನಮ್ಮ ಡಬ್ಬಿಯನ್ನೇ ಕಳಿಸಬೇಕು, ಅದು ಹೇಗೆ ಮರಳಿ ಬರುತ್ತದೆ ಎಂದು ಕಾಯಬೇಕು. ಖಾಲಿ ಬಂದರೆ ಕಥೆ ಮುಗಿಯಿತು.

ಪುಣ್ಯಕ್ಕೆ ನಾಗರ ಪಂಚಮಿ ಹತ್ತಿರ ಬಂದಿತ್ತು. ಮನೆಮನೆಯಲ್ಲಿ ಉಂಡಿ ಕಟ್ಟುವ, ಮನೆಯಿಂದ ಮನೆಗೆ ಹಂಚುವ ಹಬ್ಬ. ಶೇಂಗಾ ಉಂಡಿ ನಾನೇ ಮಾಡುತ್ತೇನೆಂದು ಹಟ ಹಿಡಿದೆ. ಬೆಲ್ಲದ ಪಾಕ ನೋಡುತ್ತ ನಿಂತವನಿಗೆ ಫೋನ್ ಬಂತು, ಮಾತು ಮುಗಿಯುವಷ್ಟರಲ್ಲಿ ಪಾಕ ಮೀರಿತ್ತು. ಕೈ ಸುಟ್ಟುಕೊಂಡು ಕಟ್ಟಿದೆ. ಆರಿದ ಮೇಲೆ ಒಂದು ಉಂಡಿ ಕೈಜಾರಿ ನೆಲಕ್ಕೆ ಬಿತ್ತು. ಉಂಡಿಗೆ ಏನೂ ಆಗಲಿಲ್ಲ. ಬೇರೆ ಮಾಡಲು ಹೊತ್ತಿರಲಿಲ್ಲ, ಅವೇ ನಮ್ಮ ಡಬ್ಬಿಯಲ್ಲಿ, ಮಗಳ ಕೈಯಿಂದ ಹಂಸಭಾವಿಗೆ ಹೋದವು.

ಹಬ್ಬ ಮುಗಿಯಿತು, ಶಾಲೆ ಶುರುವಾಯಿತು, ಡಬ್ಬಿ ಬರಲಿಲ್ಲ. ನಾನು ಕೇಳಲಿಲ್ಲ. ಕೇಳದೆ ಇರುವುದು ಇಷ್ಟು ಕಷ್ಟ ಎಂದು ಬೇಸಿಗೆಯಲ್ಲಿ ಉಪದೇಶ ಬರೆಯುವಾಗ ನನಗೆ ಯಾರೂ ಹೇಳಿರಲಿಲ್ಲ.

ಕಳೆದ ವಾರ ಸಿಂಚನಾ ನಗುತ್ತಲೇ ಬಾಗಿಲು ದಾಟಿದಳು. ಕೈಯಲ್ಲಿ ಡಬ್ಬಿ. ನಮ್ಮದಲ್ಲ, ಅವರದೇ ಹಳೆಯ ಸ್ಟೀಲ್ ಡಬ್ಬಿ. ತುಂಬ ಗುರೆಳ್ಳು ಚಟ್ನಿ.

“ಭಾಗ್ಯಾನ ಅಜ್ಜಿ ನಿನ್ನ ಉಂಡಿ ಒಳ್ಳಾಗ ಹಾಕಿ ಕುಟ್ಟಿ ತಿಂದ್ಲಂತ. ಅಪ್ಪಾರ ಕೈಯಾಗಿಂದು ಅಂತ ಗೊತ್ತಾಗಿ ಅವರ ಮನ್ಯಾಗ ಎಲ್ಲಾರೂ ನಕ್ರಂತ. ಇವತ್ತ ನಾ ಎಲ್ಲಾರ ಜೋಡಿ ಬೇವಿನ ಗಿಡದ ಬುಡಕ ಕುಂತು ಉಂಡೆ.”

“ನಮ್ಮ ಡಬ್ಬಿ?”

“ಅಲ್ಲೇ ಐತಿ. ಮುಂದಿನ ಸಲ ಕೊಡ್ತಾರಂತ.”

ಮುಂದಿನ ಸಲ ಎಂಬ ಮಾತು ಇಷ್ಟು ರುಚಿಯಾಗಿರುತ್ತದೆಂದು ನನಗೆ ತಿಳಿದಿರಲಿಲ್ಲ. ನಿನ್ನೆಗೆ ಚಟ್ನಿ ಖಾಲಿಯಾಯಿತು. (ಮುಕ್ಕಾಲು ಪಾಲು ಯಾರು ತಿಂದರು ಎಂದು ಮತ್ತೆ ಹೇಳಬೇಕಿಲ್ಲ.) ನಾನು ಡಬ್ಬಿ ಎತ್ತಿಕೊಂಡು ನಲ್ಲಿಯ ಕಡೆ ಹೊರಟೆ. ಮಗಳು ಬಂದು ಕೈಯಿಂದ ಕಸಿದುಕೊಂಡಳು.

“ಅಪ್ಪ, ನೀ ಹೋಗಿ ನಿನ್ನ ಅಂಕಣ ಬರಿ. ಡಬ್ಬಿಗೆ ಕೈ ಹಚ್ಚಬ್ಯಾಡ.”

ಬರೆದಿದ್ದೇನೆ. ಡಬ್ಬಿ ಮುಟ್ಟಿಲ್ಲ.